ಸ್ಕೈರಿಮ್: ನೆಲಕ್ಕೆ ಪೂರ್ತಿ ಅಂಕ, ಊರಿಗೆ ಎಷ್ಟು?

ಕೊಡಚಾದ್ರಿ_ಕಾಲುದಾರಿ

ಸ್ಕೈರಿಮ್ ಅನ್ನೋ ವಿಡಿಯೋ ಗೇಮ್ ಬಂದಿದ್ದು 2011ರ ನವೆಂಬರ್ 11ಕ್ಕೆ. ಅದೇ ಹೆಸರಿನ ಕಲ್ಪಿತ ನಾಡಲ್ಲಿ ನಮ್ಮದೇ ಪಾತ್ರ ಕಟ್ಟಿಕೊಂಡು ಸುತ್ತೋದು. ಆಮೇಲೆ ಇದೇ ಜಾತಿಯ ಎಷ್ಟೋ ದೊಡ್ಡ ಗೇಮ್‌ಗಳು ಬಂದವು, ಹೋದವು. ಇದನ್ನು ಮಾತ್ರ ಜನ ಬಿಟ್ಟಿಲ್ಲ. ಆರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ ಅಂತ ನಿರ್ದೇಶಕ ಟಾಡ್ ಹೊವರ್ಡ್ 2023ರಲ್ಲಿ ಹೇಳಿದ್ದರು. ಹೊಗಳುವವರು "ಏನು ಬೇಕಾದರೂ ಮಾಡಬಹುದು" ಅಂತಾರೆ, ಬೈಯುವವರು "ಬರೀ ಬಗ್ಗು", ಅಂದರೆ ಪ್ರೋಗ್ರಾಂ ತಪ್ಪುಗಳು, ಅಂತಾರೆ. ಎರಡೂ ಮಾತು ನನಗೆ ಸಾಲದು.

ನನಗೆ ಅನಿಸೋದು ಇಷ್ಟು. ನೆಲವನ್ನು ಕಟ್ಟುವಾಗ ಗೇಮ್ ಮಾಡಿದ ಬೆಥೆಸ್ಡಾ ಕಂಪನಿಯವರು ಯಾವುದಕ್ಕೂ ಹೆದರಿಲ್ಲ. ಆ ನೆಲದ ಮೇಲಿನ ಜನರನ್ನು ಕಟ್ಟುವಾಗ ಹೆದರಿದ್ದಾರೆ. ಆಡುವವರಿಗೆ ಎಲ್ಲೂ "ಆಗಲ್ಲ, ಹೋಗು" ಅನ್ನಬಾರದು ಅಂತ ಒಂದು ತೀರ್ಮಾನ ಮಾಡಿದ್ದಾರೆ. ಗೇಮ್‌ನ ದೊಡ್ಡ ಗುಣವೂ ದೊಡ್ಡ ದೋಷವೂ ಅದರಿಂದಲೇ ಹುಟ್ಟಿವೆ.

ಮೊದಲು ನೆಲದ ಮಾತು. ಶುರುವಿನಲ್ಲಿ ಹೆಲ್ಗೆನ್ ಊರಿನಿಂದ ತಪ್ಪಿಸಿಕೊಂಡು ರಿವರ್‌ವುಡ್ ಕಡೆ ಇಳಿಯುವಾಗ ಜೊತೆಗಾರ ಎದುರು ಬೆಟ್ಟದ ಮೇಲಿನ ಕಲ್ಲಿನ ಕಮಾನುಗಳನ್ನು ತೋರಿಸುತ್ತಾನೆ. ಅದು ಬ್ಲೀಕ್ ಫಾಲ್ಸ್ ಬ್ಯಾರೋ, ಹಳೇ ಸಮಾಧಿ. ಹೋಗು ಅನ್ನಲ್ಲ, ಬರೀ ತೋರಿಸುತ್ತಾನೆ. ಊರಿಗೆ ಬಂದರೆ ಅಂಗಡಿಯ ಲೂಕನ್ ತನ್ನ ಚಿನ್ನದ ಪಂಜ ಕಳುವಾಯಿತು ಅಂತ ಗೋಳಾಡುತ್ತಿರುತ್ತಾನೆ. ಕಳ್ಳ ಹೋಗಿರೋದು ಅದೇ ಬೆಟ್ಟಕ್ಕೆ. ಒಳಗೆ ಹೋದರೆ ಮೂರು ಸುತ್ತಿನ ಕಲ್ಲಿನ ಬಾಗಿಲು. ಅದನ್ನು ತೆಗೆಯುವ ಗುಟ್ಟು ಎಲ್ಲಿದೆ? ಚೀಲದಲ್ಲಿರುವ ಪಂಜವನ್ನು ಹೊರಗೆ ತೆಗೆದು, ತಿರುಗಿಸಿ, ಅಂಗೈ ಕಡೆ ನೋಡಬೇಕು. ಕರಡಿ, ಪತಂಗ, ಗೂಬೆ. ವಸ್ತುವನ್ನು ಕೈಯಲ್ಲಿ ತಿರುಗಿಸಿ ನೋಡು ಅಂತ ಯಾವ ಟ್ಯುಟೋರಿಯಲ್ಲೂ ಇಲ್ಲದೆ ಕಲಿಸಿದ ರೀತಿ ಅದು. ಎಲ್ಲ ಮುಗಿದ ಮೇಲೆ ಬಂದ ದಾರಿಯಲ್ಲೇ ವಾಪಸ್ ನಡೆಸುವುದಿಲ್ಲ. ಹಿಂದುಗಡೆ ಒಂದು ಗುಹೆಯಿಂದ ಹೊರಗೆ ಬಿಡುತ್ತದೆ, ಕೆಳಗೆ ಇಲಿನಾಲ್ಟಾ ಸರೋವರ, ಅಲ್ಲಿಂದ ಮತ್ತೊಂದು ದಾರಿ. ಈ ಗೇಮ್‌ನಲ್ಲಿ ಬೆಟ್ಟ ಅಂದರೆ ಬರೀ ಹಿನ್ನೆಲೆಯ ಚಿತ್ರ ಅಲ್ಲ. ಕಂಡಿದ್ದರ ಹತ್ತಿರಕ್ಕೆಲ್ಲ ಹೋಗಬಹುದು, ಹೋದರೆ ಅಲ್ಲಿ ಏನೋ ಒಂದು ಇರುತ್ತದೆ. ಜೆರೆಮಿ ಸೋಲ್ ಅವರ ಸಂಗೀತಕ್ಕೂ ಇದರಲ್ಲಿ ಪಾಲಿದೆ. ನಡೆಯುವಾಗ ಅದು ನಡಿಗೆಯ ವೇಗದಲ್ಲೇ ಇರುತ್ತದೆ, ಅವಸರ ಮಾಡಲ್ಲ.

ಈಗ ಊರು. ವಿಂಡ್‌ಹೆಲ್ಮ್‌ಗೆ ಮೊದಲ ಸಲ ಕಾಲಿಟ್ಟಾಗ ಬಾಗಿಲ ಹತ್ತಿರವೇ ಸ್ಥಳೀಯ ಜನಾಂಗದ ಇಬ್ಬರು ನಾರ್ಡ್‌ಗಳು ಸುವಾರಿಸ್ ಅನ್ನೋ ಡಾರ್ಕ್ ಎಲ್ಫ್ ಹೆಂಗಸನ್ನು ಅಡ್ಡಗಟ್ಟಿ ಹೀಯಾಳಿಸುತ್ತಿರುತ್ತಾರೆ. ಡಾರ್ಕ್ ಎಲ್ಫ್‌ಗಳೆಲ್ಲ ಗ್ರೇ ಕ್ವಾರ್ಟರ್ ಅನ್ನೋ ಹಾಳು ಕೇರಿಯಲ್ಲಿದ್ದಾರೆ. ಹಲ್ಲಿ ರೂಪದ ಆರ್ಗೋನಿಯನ್ನರಿಗೆ ಕೋಟೆಯೊಳಗೆ ವಾಸಕ್ಕೇ ಜಾಗ ಇಲ್ಲ, ಹೊರಗೆ ಹಡಗುಕಟ್ಟೆಯಲ್ಲಿ ದುಡಿಯುತ್ತಾರೆ. ಬೆಕ್ಕಿನ ರೂಪದ ಖಜೀತ್ ವ್ಯಾಪಾರಿಗಳು ಯಾವ ನಗರದಲ್ಲೂ ಬಾಗಿಲ ಆಚೆಯೇ ಡೇರೆ ಹಾಕಬೇಕು. ಇಷ್ಟು ಗಟ್ಟಿಯಾಗಿ ಬರೆದಿದ್ದಾರೆ. ಆದರೆ ನೀವೇ ಖಜೀತ್ ಆಗಿ ಆಡಿ ನೋಡಿ. ಕಾವಲುಗಾರ ತಡೆಯಲ್ಲ. ನೇರ ಒಳಗೆ ಹೋಗಿ ಮನೆ ಕೊಳ್ಳಬಹುದು, ಥೇನ್ ಅನ್ನೋ ಗೌರವದ ಪಟ್ಟ ತಗೋಬಹುದು. "ಸ್ಕೈರಿಮ್ ನಾರ್ಡ್‌ಗಳಿಗೆ" ಅನ್ನೋ, ಸಾಮ್ರಾಜ್ಯದ ವಿರುದ್ಧ ದಂಗೆ ಎದ್ದ ಉಲ್ಫ್ರಿಕ್‌ನ ಸ್ಟಾರ್ಮ್‌ಕ್ಲೋಕ್ ಸೈನ್ಯಕ್ಕೆ ಡಾರ್ಕ್ ಎಲ್ಫ್ ಆಗಿ ಸೇರಬಹುದು. ಅವರ ಸೇನಾಪತಿ ಗಾಲ್ಮರ್ ಒಂದು ಪ್ರಶ್ನೆ ಕೇಳುತ್ತಾನೆ, ಅಷ್ಟೇ. ಆ ಸೈನ್ಯದಲ್ಲಿ ಎಷ್ಟು ಮೇಲೇರಿದರೂ ಗ್ರೇ ಕ್ವಾರ್ಟರ್‌ನ ಒಂದು ಕಲ್ಲೂ ಅಲುಗಲ್ಲ. ಯುದ್ಧದಲ್ಲಿ ಸಾಮ್ರಾಜ್ಯ ಗೆದ್ದು, ಡಾರ್ಕ್ ಎಲ್ಫ್‌ಗಳ ಪರ ಇದ್ದ ಬ್ರುನ್‌ವುಲ್ಫ್ ಆ ಊರಿನ ಯಾರ್ಲ್, ಅಂದರೆ ಒಡೆಯ, ಆದರೂ ಆ ಕೇರಿ ಹಾಗೇ ಇರುತ್ತದೆ.

ನನ್ನನ್ನು ಬಹಳ ಕಾಡಿದ್ದು ಇನ್ನೊಂದು. ಹೈ ಎಲ್ಫ್‌ಗಳನ್ನು ಆಳುವ ಥಾಲ್ಮೋರ್ ಪಂಗಡದ ರಾಯಭಾರ ಕಚೇರಿಯೊಳಗೆ ವೇಷ ಹಾಕಿಕೊಂಡು ನುಗ್ಗುವ ಕ್ವೆಸ್ಟ್ (ಗೇಮ್ ಕೊಡುವ ಕೆಲಸ) ಇದೆಯಲ್ಲ, ಅಲ್ಲಿ ಉಲ್ಫ್ರಿಕ್ ಬಗ್ಗೆ ಒಂದು ಕಡತ ಸಿಗುತ್ತದೆ. ಅವನು ಸೆರೆಯಲ್ಲಿದ್ದಾಗ ಏನಾಯಿತು, ಈ ಅಂತರ್ಯುದ್ಧ ಯಾರೂ ಗೆಲ್ಲದೆ ಎಳೆಯುತ್ತಲೇ ಇರಬೇಕು ಅಂತ ಥಾಲ್ಮೋರ್‌ಗಳಿಗೆ ಯಾಕೆ ಆಸೆ, ಎಲ್ಲ ಅದರಲ್ಲಿದೆ. ಇಡೀ ಯುದ್ಧದ ಅರ್ಥವನ್ನೇ ತಿರುಗಿಸುವ ಕಾಗದ. ಅದನ್ನು ಉಲ್ಫ್ರಿಕ್ ಮುಂದೆ ಇಡೋಕಾಗಲ್ಲ. ಸಾಮ್ರಾಜ್ಯದ ಜನರಲ್ ಟುಲ್ಲಿಯಸ್‌ಗೂ ತೋರಿಸೋಕಾಗಲ್ಲ. ಒಂದು ಸಾಲಿನ ಸಂಭಾಷಣೆಯೂ ಇಲ್ಲ. ಯುದ್ಧದ ಕ್ವೆಸ್ಟ್‌ಗಳಲ್ಲಿ ನೀವು ಮಾಡೋದು ಒಂದಾದ ಮೇಲೊಂದು ಕೋಟೆಗೆ ಹೋಗಿ, ಪರದೆಯ ಮೇಲಿನ ಶೇಕಡಾ ಸಂಖ್ಯೆ ಇಳಿಯುವವರೆಗೂ ಸೈನಿಕರನ್ನು ಕಡಿಯೋದು.

ಸಂಘಗಳದ್ದೂ ಅದೇ ಕಥೆ. ಮಂತ್ರ ಕಲಿಸುವ ವಿಂಟರ್‌ಹೋಲ್ಡ್ ಕಾಲೇಜಿನ ಸೇತುವೆ ಮೇಲೆ ಫರಾಲ್ಡಾ ಒಂದು ಮಂತ್ರ ಮಾಡಿ ತೋರಿಸು ಅನ್ನುತ್ತಾಳೆ. ಬರಲ್ಲ ಅಂದರೆ ಅವಳೇ 30 ಚಿನ್ನಕ್ಕೆ ಆ ಮಂತ್ರ ಮಾರುತ್ತಾಳೆ. ಅಲ್ಲಿಂದ ಹೆಚ್ಚುಕಮ್ಮಿ ಕೊಡಲಿಯಲ್ಲೇ ಕೆಲಸ ಮುಗಿಸಿ ಕಾಲೇಜಿನ ಮುಖ್ಯಸ್ಥ, ಆರ್ಚ್‌ಮೇಜ್ ಆಗಿಬಿಡಬಹುದು. ಕಂಪ್ಯಾನಿಯನ್ಸ್ ಅನ್ನೋ ಯೋಧರ ಸಂಘದಲ್ಲಿ ಬೆರಳೆಣಿಕೆಯ ಕ್ವೆಸ್ಟ್ ಮುಗಿಸಿದರೆ ಅದರ ನಾಯಕ, ಹಾರ್ಬಿಂಜರ್. 2002ರ ಮೊರೋವಿಂಡ್‌ನಲ್ಲಿ ಸಂಘದ ಮೇಲಿನ ದರ್ಜೆಗೆ ಏರಬೇಕಾದರೆ ಅದಕ್ಕೆ ತಕ್ಕ ವಿದ್ಯೆ ನಿಮ್ಮಲ್ಲಿರಬೇಕಿತ್ತು. ಅದೇ ಕಂಪನಿ, ಅದೇ ಸರಣಿ.

ನಿಮ್ಮ ಅಭಿಪ್ರಾಯ ಬರೀರಿ. ಬರೀ "ಸೂಪರ್" "ವೇಸ್ಟ್" ಬೇಡ, ಉದಾಹರಣೆ ಕೊಡಿ.

ಬೆಣ್ಣಿಹಳ್ಳ

ಅಣ್ಣಾರ, ಊರಿನ ಬಗ್ಗೆ ನೀವು ಹೇಳಿದ್ದು ಖರೆ ಐತಿ. ಆದ್ರ ನೆಲದ ಮಾತ ಇನ್ನೂ ಮುಗದಿಲ್ಲ. ಈ ಗೇಮ್‌ನಾಗ ಛಲೋ ಕತಿ ಎಲ್ಲಾ ಮಾತಾಡೋ ಮಂದಿ ಹತ್ರ ಇಲ್ಲ, ಸತ್ತವ್ರ ಹತ್ರ ಐತಿ.

ಉತ್ತರದ ಸಮುದ್ರದ ದಂಡಿಗೆ ಫ್ರಾಸ್ಟ್‌ಫ್ಲೋ ಅಂತ ಒಂದ್ ದೀಪಸ್ತಂಭ ಐತಿ. ಹೋಗ್ರಿ ಅಂತ ಯಾರೂ ಹೇಳಂಗಿಲ್ಲ. ಒಳಗ ಕಾಲಿಟ್ರ ಒಬ್ಬ ಹೆಣ್ಮಗಳ ಹೆಣ. ರೆಡ್‌ಗಾರ್ಡ್ ಜನಾಂಗದ ಮಂದಿ, ಗಂಡ ಹೆಂಡ್ತಿ ಇಬ್ರ ಮಕ್ಕಳು. ಅಕಿ ಡೈರಿ ಓದಿದ್ರ ಗೊತ್ತಾಗ್ತದ, ನೆಲಮಾಳಿಗ್ಯಾಗ ಏನೋ ಸಪ್ಪಳ ಬರ್ತದ ಅಂತ ಅಕಿ ಹೇಳ್ತಿದ್ಲು, ಮನ್ಯಾಗ ಯಾರೂ ಲಕ್ಷ್ಯ ಕೊಡಲಿಲ್ಲ. ಕೀಲಿ ಹುಡುಕಿ ಕೆಳಗ ಇಳದ್ರ ಗ್ವಾಡಿ ಒಡದು ಫಾಲ್ಮರ್ ಅನ್ನೋ ಕುರುಡ ರಾಕ್ಷಸರ ಗವಿ. ಮಗಳು ಬರದಿಟ್ಟ ಕಾಗದ ಅಲ್ಲೇ ಸಿಗ್ತದ. ಅದನ್ನ ಓದಿದ ಮ್ಯಾಲ ನಾ ಸ್ವಲ್ಪ ಹೊತ್ತು ಗೇಮ್ ನಿಲ್ಲಿಸಿ ಸುಮ್ನ ಕುಂತೆ. ಕಡೀಕ ಒಂದ್ ದೊಡ್ಡ ಚೌರಸ್ ಹುಳ ಹೊಡದ್ರ ಅದರ ಹೊಟ್ಟ್ಯಾಗ ತಂದಿ ಹಬ್ದನ ಅಸ್ಥಿ. ಅದನ್ನ ತಗೊಂಡು ಮ್ಯಾಲ ದೀಪಸ್ತಂಭದ ಬೆಂಕ್ಯಾಗ ಇಟ್ರ "ಸೇಲರ್ಸ್ ರಿಪೋಸ್" ಅಂತ ಒಂದ್ ಆಶೀರ್ವಾದ ಸಿಗ್ತದ, ಗಾಯ ಮಾಯಿಸೋ ಮಂತ್ರಕ್ಕ 10 ಪರ್ಸೆಂಟ್ ಹೆಚ್ಚಿಗಿ ಬಲ.

ಈ ಕೆಲಸಕ್ಕ ದಾರಿ ತೋರ್ಸೋ ಬಾಣದ ಗುರುತು ಇಲ್ಲ, ಕ್ವೆಸ್ಟ್ ಪಟ್ಟ್ಯಾಗ ಹೆಸರಿಲ್ಲ. ನೀವ್ ನೋಡ್ತೀರಿ ಅಂತ ನಂಬಿ ಇಟ್ಟಾರ. ಬ್ಲ್ಯಾಕ್‌ರೀಚ್ ಅನ್ನೋ ನೆಲದಡಿ ಗವಿಯಾಗ ಛತ್ತಿಗೆ ಒಂದ್ ದೊಡ್ಡ ಕಿತ್ತಳಿ ದೀಪ ತೂಗಾಕ್ಯಾರಲ್ರಿ, ಅದಕ್ಕ ಫುಸ್ ರೋ ದಾ ಅನ್ನೋ ಕೂಗಿನ ಮಂತ್ರ ಹೊಡದ್ರ ನೆಲದ ಒಳಗೇ ಡ್ರ್ಯಾಗನ್ ಬರ್ತದ. ಅದನ್ನೂ ಯಾರೂ ಹೇಳಂಗಿಲ್ಲ. ಇಂಥಾ ನಂಬಿಕಿ ಈಗಿನ ಗೇಮ್‌ಗಳೊಳಗ ಭಾಳ ಕಡಿಮಿ. ನಕಾಶೆ ತುಂಬ ಪ್ರಶ್ನಾರ್ಥಕ ಚಿಹ್ನೆ ಚೆಲ್ಲಿರ್ತಾರ.

ಎರಡನೇ_ಪಾಳಿ

ನಾನು ಒಪ್ಪಲ್ಲ. ಮೊರೋವಿಂಡ್ ಹೆಸರು ಹೇಳಿ ಸ್ಕೈರಿಮ್‌ಗೆ ಬೈಯೋದು ಹಳೇ ವಾದ. ಮೊರೋವಿಂಡ್‌ನಲ್ಲಿ ಶುರುವಿನಲ್ಲಿ ಕತ್ತಿ ಇಲಿಗೆ ತಾಗಿದ್ದು ಕಣ್ಣಿಗೆ ಕಂಡರೂ ಒಳಗಿನ ದಾಳ "ತಪ್ಪಿತು" ಅನ್ನುತ್ತಿತ್ತು. ದಾರಿ ಹೇಳುವವರು ಕೆಲವು ಕಡೆ ದಿಕ್ಕನ್ನೇ ತಪ್ಪು ಹೇಳುತ್ತಿದ್ದರು. ಅದನ್ನೆಲ್ಲ ಸಹಿಸಿಕೊಂಡು ಆಡಲು ಸಮಯ ಇದ್ದವರಿಗೆ ಅದು ಸರಿ.

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡೋಳು, ಪಾಳಿ ಮುಗಿಸಿ ಬಂದು ಮಲಗುವ ಮುಂಚೆ ಒಂದು ಗಂಟೆ ಸಿಕ್ಕರೆ ಹೆಚ್ಚು. ನನಗೆ ಬೇಕಾಗಿದ್ದು ಎಲ್ಲಿಂದ ಬೇಕಾದರೂ ಶುರು ಮಾಡಿ ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಗೇಮ್. ಒಂದು ಸಂಜೆ ಗಿಡಮೂಲಿಕೆ ಕಿತ್ತು ಔಷಧಿ ಕಾಯಿಸುತ್ತೇನೆ. ಇನ್ನೊಂದು ಸಂಜೆ ಐವಾರ್‌ಸ್ಟೆಡ್‌ನ ಕ್ಲಿಮ್ಮೆಕ್‌ಗೆ ವಯಸ್ಸಾಗಿದೆ ಅಂತ ಅವನ ಮೂಟೆ ಹೊತ್ತು ಏಳು ಸಾವಿರ ಮೆಟ್ಟಿಲಿನ ಬೆಟ್ಟ ಹತ್ತುತ್ತೇನೆ. ದಾರಿಯ ಕಲ್ಲುಗಳ ಮೇಲಿನ ಬರಹ ಓದಿಕೊಂಡು ಹೋಗೋದೇ ಒಂದು ಸಮಾಧಾನ. ಯಾವುದೋ ದರ್ಜೆಗೆ ವಿದ್ಯೆ ಸಾಲದು ಅಂತ ಸಂಘದ ಬಾಗಿಲು ಮುಚ್ಚಿದ್ದರೆ ನಾನು ಕಾಲೇಜಿನ ಅರ್ಧ ಕಥೆಯನ್ನೂ ನೋಡುತ್ತಿರಲಿಲ್ಲ. ಎಲ್ಲರನ್ನೂ ಒಳಗೆ ಬಿಟ್ಟಿದ್ದು ಹೆದರಿಕೆಯಿಂದ ಅಲ್ಲ, ಆಡುವವರ ಮೇಲಿನ ಗೌರವದಿಂದ.

ಸೌಪರ್ಣಿಕೆ

ಊರು ನೆಲ ಎರಡನ್ನೂ ಬಿಡಿ, ಲೆಕ್ಕಾಚಾರಕ್ಕೆ ಬನ್ನಿ. ನಾನು ಯಾವಾಗಲೂ ಮಂತ್ರವಾದಿಯಾಗಿಯೇ ಆಡೋದು, ಹಾಗಾಗಿ ನನ್ನ ದೂರು ಬೇರೆ.

ಡಿಸ್ಟ್ರಕ್ಷನ್ ಅನ್ನೋ ಬೆಂಕಿ, ಹಿಮ, ಮಿಂಚಿನ ವಿದ್ಯೆಯನ್ನು 100ಕ್ಕೆ ಏರಿಸಿದರೆ ಮಂತ್ರದ ಖರ್ಚು ಇಳಿಯುತ್ತದೆಯೇ ಹೊರತು ಪೆಟ್ಟು ಏರಲ್ಲ. ಪೆಟ್ಟು ಹೆಚ್ಚಿಸುವ ಪರ್ಕ್ (ಲೆವೆಲ್ ಏರಿದಾಗ ಆರಿಸಿಕೊಳ್ಳುವ ಬಲ) ಎರಡೂ ಹಾಕಿದರೆ ಶೇಕಡಾ 50 ಹೆಚ್ಚುತ್ತದೆ, ಅಲ್ಲಿಗೆ ಮುಗಿಯಿತು. ಅದೇ ಕತ್ತಿ ಹಿಡಿದವನಿಗೆ ವಿದ್ಯೆ ಏರಿದಂತೆ ಪೆಟ್ಟೂ ಏರುತ್ತದೆ, ಮೇಲೆ ಕಮ್ಮಾರಿಕೆ, ಅದರ ಮೇಲೆ ಎನ್‌ಚಾಂಟಿಂಗ್, ಅಂದರೆ ವಸ್ತುವಿಗೆ ಮಂತ್ರಶಕ್ತಿ ತುಂಬೋದು. ಹೀಗಾಗಿ ದೊಡ್ಡ ಲೆವೆಲ್‌ನ ಡ್ರೌಗರ್ (ಎದ್ದು ಬರುವ ಹೆಣ) ಎದುರು ಬಂದಾಗ ಮಂತ್ರವಾದಿಗೆ ಉಳಿಯೋದು ಒಂದೇ ದಾರಿ: ಇಂಪ್ಯಾಕ್ಟ್ ಪರ್ಕ್ ಹಾಕಿ, ಎರಡೂ ಕೈಯಿಂದ ಒಂದೇ ಮಂತ್ರ ಬಿಟ್ಟು, ಅವನು ತತ್ತರಿಸುತ್ತಲೇ ಇರುವಂತೆ ನೋಡಿಕೊಳ್ಳೋದು. ನಾಲ್ಕು ಒಡವೆ ಬಟ್ಟೆಗಳಿಗೆ ಖರ್ಚು ತಲಾ ಶೇಕಡಾ 25 ಇಳಿಸುವ ಎನ್‌ಚಾಂಟ್ ಮಾಡಿಕೊಂಡರೆ ಮಂತ್ರದ ಖರ್ಚು ಸೊನ್ನೆ. ಆಮೇಲೆ ಯೋಚನೆ ಮಾಡುವ ಕೆಲಸವೇ ಇಲ್ಲ. ಹಿಂದಿನ ಎರಡು ಗೇಮ್‌ಗಳಲ್ಲಿ ನಾವೇ ಮಂತ್ರ ಕಟ್ಟಿಕೊಳ್ಳಬಹುದಿತ್ತು, ಅದನ್ನೂ ತೆಗೆದುಬಿಟ್ಟರು.

ಕಷ್ಟದ ಮಟ್ಟ ಏರಿಸಿದರೆ ಸರಿಹೋಗುತ್ತಾ ಅಂದರೆ ಅದೂ ಇಲ್ಲ. 2013ರ ತಿದ್ದುಪಡಿ ಪ್ಯಾಚ್‌ನಲ್ಲಿ ಬಂದ ಲೆಜೆಂಡರಿ ಮಟ್ಟದಲ್ಲಿ ನಿಮ್ಮ ಪೆಟ್ಟು ಕಾಲು ಭಾಗಕ್ಕೆ ಇಳಿಯುತ್ತದೆ, ಶತ್ರುವಿನ ಪೆಟ್ಟು ಮೂರು ಪಟ್ಟಾಗುತ್ತದೆ. ಶತ್ರು ಜಾಣ ಆಗಲ್ಲ. ಬಾಣ ಬಿಟ್ಟು ನೆರಳಲ್ಲಿ ಕೂತರೆ ಪಕ್ಕದವನು ಸತ್ತು ಬಿದ್ದಿದ್ದರೂ ಸ್ವಲ್ಪ ಹುಡುಕಿ ಮತ್ತೆ ತನ್ನ ಜಾಗಕ್ಕೆ ಹೋಗುತ್ತಾನೆ. ಜನ ಯಾವ ಪಾತ್ರ ಶುರು ಮಾಡಿದರೂ ಕೊನೆಗೆ ಬಿಲ್ಲು ಹಿಡಿದು ಕೂತು ನಡೆಯುವ ಕಳ್ಳ ಆಗೋದು ಸುಮ್ಮನೆ ಅಲ್ಲ, ಗೇಮ್‌ನ ಲೆಕ್ಕವೇ ಅಲ್ಲಿಗೆ ತಳ್ಳುತ್ತದೆ.

ಒಂದು ಒಳ್ಳೆಯದನ್ನೂ ಹೇಳಬೇಕು. 2006ರ ಒಬ್ಲಿವಿಯನ್‌ನಲ್ಲಿ ನೀವು ಬೆಳೆದಂತೆ ದಾರಿಗಳ್ಳರೂ ಬೆಲೆಬಾಳುವ ಗ್ಲಾಸ್ ಕವಚ ಹಾಕಿಕೊಂಡು ಬರುತ್ತಿದ್ದರು. ಇಲ್ಲಿ ಅದನ್ನು ತಿದ್ದಿದ್ದಾರೆ. ಜಾಗಗಳಿಗೆ ತಮ್ಮದೇ ಕನಿಷ್ಠ ಗರಿಷ್ಠ ಮಿತಿ ಇದೆ. ವೈಟ್‌ರನ್ ಹೊರಗಿನ ದೈತ್ಯನ ಹತ್ತಿರ ಮೊದಲ ಲೆವೆಲ್‌ನಲ್ಲೇ ಹೋದರೆ ಒಂದೇ ಏಟು.

ಕೊಡಚಾದ್ರಿ_ಕಾಲುದಾರಿ

@ಎರಡನೇ_ಪಾಳಿ ಮೇಡಂ, ನಿಮ್ಮ ಮಾತಿಗೆ ಬೆಲೆ ಇದೆ. ಕ್ಲಿಮ್ಮೆಕ್ ಮೂಟೆಯ ಕ್ವೆಸ್ಟ್ ನನಗೂ ಇಷ್ಟ. ಆದರೆ ಬಾಗಿಲು ಮುಚ್ಚಿ ಅಂತ ನಾನು ಕೇಳುತ್ತಿಲ್ಲ. ಒಳಗೆ ಬಂದವರು ಯಾರು ಅಂತ ಮನೆಯವರಿಗೆ ಗೊತ್ತಿರಲಿ ಅಂತ ಕೇಳುತ್ತಿದ್ದೇನೆ. ಕೊಡಲಿ ಹಿಡಿದವನು ಆರ್ಚ್‌ಮೇಜ್ ಆದರೆ ಆಗಲಿ, ಅದನ್ನು ನೋಡಿ ಅಲ್ಲಿನ ಒಬ್ಬ ಮೇಷ್ಟರಾದರೂ ಮುಖ ಗಂಟಿಕ್ಕಬೇಕು. ಅಲ್ಲಿ ಪಾಠ ಹೇಳುವ ಟಾಲ್ಫ್‌ಡಿರ್ ನಾಲ್ಕು ಮಾತು ಬೇರೆ ಆಡಬೇಕು. ಅದಕ್ಕೆ ನಿಮ್ಮ ಒಂದು ಗಂಟೆಯಲ್ಲಿ ಒಂದು ನಿಮಿಷವೂ ಕಡಿಮೆ ಆಗಲ್ಲ.

ಅವರಿಗೆ ಇದು ಬರುತ್ತಿರಲಿಲ್ಲ ಅಂತಲೂ ಅಲ್ಲ. ಮಾರ್ಕಾರ್ತ್ ನೋಡಿ. ಊರೊಳಗೆ ಕಾಲಿಟ್ಟ ಕೂಡಲೇ ಸಂತೆಯಲ್ಲಿ ಮಾರ್ಗ್ರೆಟ್ ಮೇಲೆ ಚಾಕು ಬೀಸುತ್ತಾರೆ. ಎಲ್ಟ್ರಿಸ್ ಒಂದು ಚೀಟಿ ಕೊಟ್ಟು ಟಾಲೋಸ್ ಗುಡಿಗೆ ಕರೆಯುತ್ತಾನೆ. ನೀವು ವಿಚಾರಿಸುತ್ತಾ ಹೋದಂತೆ ಇಡೀ ಊರು, ಕಾವಲುಗಾರರೂ ಸೇರಿ, ಬೆಳ್ಳಿ ಗಣಿಯ ಸಿಲ್ವರ್‌ಬ್ಲಡ್ ಮನೆತನದ ಜೇಬಲ್ಲಿದೆ ಅಂತ ಗೊತ್ತಾಗುತ್ತದೆ. ಕೊನೆಗೆ ನಿಮ್ಮನ್ನೇ ಹಿಡಿದು ಸಿಡ್ನಾ ಗಣಿಗೆ ಹಾಕುತ್ತಾರೆ. ಕವಚ, ಕತ್ತಿ, ಚಿನ್ನ, ಎಲ್ಲ ಕಿತ್ತುಕೊಂಡು ಚಿಂದಿ ಬಟ್ಟೆ ಕೊಡುತ್ತಾರೆ. ನೀವು ಕಥೆಯ ನಾಯಕ ಡ್ರ್ಯಾಗನ್‌ಬಾರ್ನ್ ಆದರೇನು, ಕೈಯಲ್ಲಿ ಗುದ್ದಲಿ. ಅಲ್ಲಿ ಸೆರೆಯಲ್ಲಿರುವ ಬಂಡಾಯಗಾರರ ನಾಯಕ ಮದನಾಕ್‌ನನ್ನು ಕೊಂದರೆ ಹೊರಗೆ ಸಿಲ್ವರ್‌ಬ್ಲಡ್ ಮನೆತನದ ಥೋನರ್ ನಿಮಗಾಗಿ ಕಾದಿರುತ್ತಾನೆ, ಉಂಗುರ ಕೊಡುತ್ತಾನೆ. ಮದನಾಕ್ ಜೊತೆ ಸುರಂಗದಿಂದ ಹೊರಬಿದ್ದರೆ ಥೋನರ್ ನಿಮ್ಮ ಕಣ್ಣೆದುರೇ ಸಾಯುತ್ತಾನೆ. ಯಾವುದೂ ಸಲೀಸಾದ ಆಯ್ಕೆ ಅಲ್ಲ, ಇಬ್ಬರ ಕೈಗೂ ರಕ್ತ ಅಂಟಿದೆ.

ಗೇಮ್ ನಮಗೆ "ಇಲ್ಲ" ಅಂದ ಅಪರೂಪದ ಜಾಗ ಅದು. ಅದೇ ನನ್ನ ಪಾಲಿಗೆ ಈ ಗೇಮ್‌ನ ಅತ್ಯುತ್ತಮ ಕ್ವೆಸ್ಟ್. ಒಂದು ನಗರದಲ್ಲಿ ಮಾಡಿದ್ದನ್ನು ಉಳಿದ ನಗರಗಳಲ್ಲೂ ಮಾಡಿದ್ದಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ.

ಪಾರ್ಥರ್‌ನಾಕ್ಸ್ ವಿಷಯವೂ ಸೇರಿಸುತ್ತೇನೆ. ನಿಮಗೆ ವಿದ್ಯೆ ಕಲಿಸಿದ ಮುದಿ ಡ್ರ್ಯಾಗನ್‌ನನ್ನು ಕೊಲ್ಲು, ಇಲ್ಲದಿದ್ದರೆ ನಮ್ಮ ಸಹಾಯ ಇಲ್ಲ ಅಂತ ಡ್ರ್ಯಾಗನ್ ಬೇಟೆಗಾರರ ಸಂಘವಾದ ಬ್ಲೇಡ್ಸ್‌ನವರು ಹಟ ಹಿಡಿಯುತ್ತಾರೆ. ಅವರ ಜೊತೆ ವಾದ ಮಾಡುವ ಅವಕಾಶವೇ ಇಲ್ಲ. ಮಾತಿನ ವಿದ್ಯೆ 100 ಇದ್ದರೂ ಇಲ್ಲ. ಬಾಗಿಲು ಮುಚ್ಚಿದ ಜಾಗ ಇದೂ ಹೌದು, ಆದರೆ ಸಿಡ್ನಾ ಗಣಿಯಲ್ಲಿ ಮುಚ್ಚಿದ್ದಕ್ಕೆ ಕಾರಣ ಆ ಊರಲ್ಲೇ ಇತ್ತು. ಇಲ್ಲಿ ಕಾರಣ ಬರೆಯುವವರ ಅವಸರ ಮಾತ್ರ.

ಬೆಣ್ಣಿಹಳ್ಳ

ಪಾರ್ಥರ್‌ನಾಕ್ಸ್‌ನ ನಾ ಯಾವತ್ತೂ ಕೊಂದಿಲ್ರಿ. ಬ್ಲೇಡ್ಸ್ ಕ್ವೆಸ್ಟ್ ಹಂಗ ಬಿದ್ದಿರ್ತದ ಪಟ್ಟ್ಯಾಗ.

ಕಡಲಕರೆ

ಮಾರಾಯ್ರೆ, ಪಾರ್ಥರ್‌ನಾಕ್ಸ್‌ಗೆ ಮಾಡ್ (ಆಡುವವರೇ ಗೇಮ್‌ಗೆ ಮಾಡಿದ ಬದಲಾವಣೆ) ಉಂಟಲ್ಲ, ಅದು ಹಾಕಿದರೆ ಬ್ಲೇಡ್ಸ್‌ನ ಡೆಲ್ಫಿನ್‌ಗೆ "ಕೊಲ್ಲುವುದಿಲ್ಲ, ನೀವೇ ನನ್ನ ಮಾತು ಕೇಳಬೇಕು" ಅಂತ ಹೇಳಬಹುದು. ಅಂತರ್ಯುದ್ಧಕ್ಕೂ ಮಾಡ್ ಉಂಟು, ಮಂತ್ರದ ಪೆಟ್ಟಿಗೂ ಉಂಟು. ಇಷ್ಟು ವರ್ಷ ಈ ಗೇಮ್ ಉಳಿದದ್ದೇ 2012ರ ಫೆಬ್ರವರಿಯಲ್ಲಿ ಅವರು ಕ್ರಿಯೇಷನ್ ಕಿಟ್ ಅನ್ನು ಪುಕ್ಕಟೆ ಬಿಟ್ಟ ಕಾರಣ. ತಾವು ಗೇಮ್ ಕಟ್ಟಿದ ಸಲಕರಣೆಯನ್ನೇ ಆಡುವವರ ಕೈಗೆ ಕೊಡುವುದು ಸಣ್ಣ ವಿಷಯ ಅಲ್ಲ. ಜರ್ಮನಿಯ ಶ್ಯೂರ್‌ಎಐ ತಂಡ ಅದೇ ಸಲಕರಣೆಯಲ್ಲಿ 2016ರಲ್ಲಿ ಎಂಡೆರಾಲ್ ಅಂತ ಪೂರ್ತಿ ಬೇರೆಯೇ ಗೇಮ್ ಮಾಡಿತು. ಬೇರೆ ನಾಡು, ಬೇರೆ ಕಥೆ. ಊರಿನವರು ಊರಿನವರ ಹಾಗೆ ಮಾತಾಡುವುದು ನೋಡಬೇಕಾದರೆ ಅದನ್ನು ಆಡಿ.

ಆದರೆ "ಮಾಡ್ ಹಾಕಿದರೆ ಸರಿ ಆಗ್ತದೆ" ಅಂತ ಹೇಳಿ ಕಂಪನಿಯನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ. ದುಡ್ಡು ತೆಗೆದುಕೊಂಡವರು ಮಾಡಬೇಕಾದ ರಿಪೇರಿಯನ್ನು ಪುಕ್ಕಟೆ ದುಡಿಯುವ ಹುಡುಗರು ಮಾಡಿದ್ದಾರೆ. ಪ್ಲೇಸ್ಟೇಷನ್ 3ರಲ್ಲಿ ಸೇವ್ ಫೈಲ್ ದೊಡ್ಡದಾದ ಹಾಗೆ ಗೇಮ್ ತೆವಳುತ್ತಿತ್ತು. ಡಾನ್‌ಗಾರ್ಡ್ ಎನ್ನುವ ಹೆಚ್ಚುವರಿ ಕಥೆ ಅಲ್ಲಿಗೆ ಬಂದದ್ದು 2013ರಲ್ಲಿ, ಉಳಿದವರು ಆಡಿ ಮುಗಿಸಿದ ಮೇಲೆ. ಪಿಸಿಯಲ್ಲಿ ಮೊದಲಿನದ್ದು 32 ಬಿಟ್ಟಿನದ್ದು, ಮೆಮೊರಿ ಸಾಲದೆ ಬೀಳ್ತಿತ್ತು. 2016ರ ಅಕ್ಟೋಬರ್‌ನ ಸ್ಪೆಷಲ್ ಎಡಿಷನ್‌ನಲ್ಲಿ 64 ಬಿಟ್ ಆದ ಮೇಲೆ ಉಸಿರಾಡಿತು. ಅದರಲ್ಲಿಯೂ ಫ್ರೇಮ್ 60 ದಾಟಿಸಿದರೆ ಮೇಜಿನ ಮೇಲಿನ ತಟ್ಟೆ ಲೋಟ ಎಲ್ಲ ಹಾರಾಡ್ತದೆ. ಆಡುವವರೇ ಮಾಡಿದ ಅನ್‌ಅಫಿಶಿಯಲ್ ಪ್ಯಾಚ್‌ನ ಪಟ್ಟಿ ತೆಗೆದು ಓದಿ, ಕಂಪನಿ ಬಿಟ್ಟುಹೋದ ತಪ್ಪುಗಳು ಎಷ್ಟು ಅಂತ ಅದರಲ್ಲಿ ಕಾಣ್ತದೆ.

2015ರ ಏಪ್ರಿಲ್‌ನಲ್ಲಿ ಸ್ಟೀಮ್ ಎಂಬ ಗೇಮ್ ಅಂಗಡಿಯಲ್ಲಿ ಮಾಡ್‌ಗಳಿಗೆ ಬೆಲೆ ಇಟ್ಟರು. ಜನ ತಿರುಗಿ ಬಿದ್ದರು, ಕೆಲವೇ ದಿನದಲ್ಲಿ ತೆಗೆದರು. ಮಾಡ್ ಮಾಡುವವರಿಗೆ ದುಡ್ಡು ಸಿಗಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹಂಚಿಕೆಯಲ್ಲಿ ಮಾಡಿದವರಿಗೆ ಬಂದದ್ದು ನಾಲ್ಕನೇ ಒಂದು ಪಾಲು ಮಾತ್ರ. ಅದು ಅನ್ಯಾಯ.

ಎರಡನೇ_ಪಾಳಿ

ಮಾರ್ಕಾರ್ತ್ ಉದಾಹರಣೆ ಒಪ್ಪಿದೆ. ಜನರ ಪ್ರತಿಕ್ರಿಯೆ ಬದಲಾಗಬೇಕು ಅನ್ನೋದಕ್ಕೂ ನನ್ನ ವಿರೋಧ ಇಲ್ಲ. ನನ್ನ ವಿರೋಧ ಇದ್ದಿದ್ದು "ಹೆದರಿದ್ದಾರೆ" ಅನ್ನೋ ಮಾತಿಗೆ, ಅದು ಈಗಲೂ ಇದೆ. ವಿಚರ್ 3 ಗೇಮ್ ಥರ ಊರಿನವರು ಉತ್ತರ ಕೊಡಬೇಕು ಅಂದರೆ ಆಡುವವರು ಗೆರಾಲ್ಟ್ ಅನ್ನೋ ಒಬ್ಬನೇ ಮನುಷ್ಯ ಆಗಿರಬೇಕು. ಅಲ್ಲಿ ಬ್ಲಡಿ ಬ್ಯಾರನ್ ಕಥೆ ಅಷ್ಟು ತಟ್ಟೋದು ಕೇಳುತ್ತಿರುವವನು ಯಾರು ಅಂತ ಬರೆದವರಿಗೆ ಮೊದಲೇ ಗೊತ್ತಿದ್ದರಿಂದ. ಸ್ಕೈರಿಮ್‌ನಲ್ಲಿ ಹತ್ತು ಜನಾಂಗ, ಗಂಡು ಹೆಣ್ಣು, ಯಾವ ಕಸುಬು ಬೇಕಾದರೂ ಆಗಬಹುದು. ಎಲ್ಲರಿಗೂ ಬೇರೆ ಬೇರೆ ಮಾತು ಬರೆದು, ನಟರ ಕೈಲಿ ಆಡಿಸಿ, ರೆಕಾರ್ಡ್ ಮಾಡೋದು ಎಷ್ಟು ದೊಡ್ಡ ಕೆಲಸ ಅಂತಲೂ ನೋಡಬೇಕು. ಮೊರೋವಿಂಡ್‌ನಲ್ಲಿ ಬಹುಪಾಲು ಬರೀ ಅಕ್ಷರ. ಅಕ್ಷರ ಬರೆಯೋದು ಅಗ್ಗ, ದನಿ ದುಬಾರಿ. ಕಳೆದುಕೊಂಡಿದ್ದರ ಹೆಚ್ಚಿನ ಪಾಲು ಅಲ್ಲಿ ಹೋಯಿತು ಅಂತ ನನ್ನ ಅಂದಾಜು.

ಕೊಡಚಾದ್ರಿ_ಕಾಲುದಾರಿ

ದನಿಯ ವಿಷಯ ಒಳ್ಳೆ ಮಾತು, ಅದು ನನ್ನ ವಾದದಲ್ಲಿ ಇರಲಿಲ್ಲ. ಆದರೂ ಥಾಲ್ಮೋರ್ ಕಡತಕ್ಕೆ ಜನಾಂಗ ಲಿಂಗ ಏನೂ ಸಂಬಂಧ ಇಲ್ಲ. ಉಲ್ಫ್ರಿಕ್ ಬಾಯಲ್ಲಿ ಹತ್ತು ಸಾಲು ಸಾಕಿತ್ತು.

ಹೊಸಬೆಳಕು

ನಾನು ಇನ್ನೂ ಆಡಿಲ್ಲ. ಇಷ್ಟೆಲ್ಲ ಓದಿದ ಮೇಲೆ ಶುರು ಮಾಡೋಣ ಅನಿಸುತ್ತಿದೆ. ನನ್ನದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪ್. ಯಾವುದು ತಗೋಬೇಕು, ಹೇಗೆ ಆಡಬೇಕು ಯಾರಾದರೂ ಹೇಳ್ತೀರಾ?

ಕಡಲಕರೆ

ಸ್ಪೆಷಲ್ ಎಡಿಷನ್ ತೆಗೆದುಕೊಳ್ಳಿ, ರಿಯಾಯಿತಿ ಬರುವವರೆಗೆ ಕಾಯಿರಿ. ಚಿತ್ರದ ಗುಣಮಟ್ಟ ತಗ್ಗಿಸಿ, ನೆರಳು ಎಲ್ಲಕ್ಕಿಂತ ಮೊದಲು ತಗ್ಗಿಸಿ, ಅದೇ ಹೆಚ್ಚು ತಿನ್ನುವುದು. ಮೊದಲ ಸಲಕ್ಕೆ ಮಾಡ್ ಎರಡೇ ಸಾಕು: ಅನ್‌ಅಫಿಶಿಯಲ್ ಪ್ಯಾಚ್ ಮತ್ತು ಮೆನು ಸರಿಮಾಡುವ ಸ್ಕೈಯುಐ. ಎರಡನೆಯದಕ್ಕೆ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಎಂಬ ಸಹಾಯಕ ಪ್ರೋಗ್ರಾಂ ಬೇಕು. ಗೇಮ್‌ನ ಆವೃತ್ತಿ ಯಾವುದೋ ಅದೂ ಅದಕ್ಕೇ ಹೊಂದುವಂಥದ್ದಾಗಬೇಕು. 2021ರ ನವೆಂಬರ್ ಅಪ್‌ಡೇಟ್ ಬಂದಾಗ ಎಷ್ಟೋ ಜನರ ಮಾಡ್ ಪಟ್ಟಿ ಒಟ್ಟಿಗೇ ಮಗುಚಿದ್ದು ಇದೇ ಕಾರಣಕ್ಕೆ. ಸ್ಟೀಮ್‌ನಲ್ಲಿ ತನ್ನಷ್ಟಕ್ಕೆ ಅಪ್‌ಡೇಟ್ ಆಗದ ಹಾಗೆ ಇಟ್ಟುಕೊಳ್ಳಿ.

ಬೆಣ್ಣಿಹಳ್ಳ

ಫಾಸ್ಟ್ ಟ್ರಾವೆಲ್ (ನಕಾಶೆ ಮ್ಯಾಲ ಒತ್ತಿ ಒಮ್ಮೆಲೆ ಹೋಗೂದು) ಮಾಡಬ್ಯಾಡ್ರಿ. ದೊಡ್ಡ ಊರಿಗೆ ಹೋಗೂದಿದ್ರ ಕುದುರಿಲಾಯದ ಹತ್ರ ಗಾಡಿಯಾಂವ ಇರ್ತಾನ, ಚಿನ್ನ ಕೊಟ್ಟು ಹೋಗ್ರಿ. ಉಳದದ್ದು ನಡೀರಿ. ಕ್ವೆಸ್ಟ್ ಪಟ್ಟ್ಯಾಗ ಹೋಗಿ ಒಂದೊಂದನ್ನೂ ಬಂದ್ ಮಾಡಿದ್ರ ಬಾಣದ ಗುರುತು ಮಾಯ ಆಗ್ತದ. ಎಲ್ಲಾ ಕ್ವೆಸ್ಟಿಗೂ ಹಂಗ ಮಾಡಾಕ ಆಗಂಗಿಲ್ಲ, ಕೆಲವಕ್ಕ ದಾರಿ ಗೇಮ್‌ನಾಗ ಎಲ್ಲೂ ಬರದೇ ಇಲ್ಲ. ಗವಿ ಗುಡ್ಡ ಸುತ್ತೂವಾಗಾದ್ರೂ ತಗದು ಆಡ್ರಿ.

ಕೊಡಚಾದ್ರಿ_ಕಾಲುದಾರಿ

ಒಂದಕ್ಕಿಂತ ಹೆಚ್ಚು ಸೇವ್ ಇಟ್ಟುಕೊಳ್ಳಿ, ಆಟೋಸೇವ್ ಒಂದನ್ನೇ ನಂಬಬೇಡಿ. ಅದರಲ್ಲೂ ವಿಂಡ್‌ಹೆಲ್ಮ್‌ನಲ್ಲಿ "ಬ್ಲಡ್ ಆನ್ ದಿ ಐಸ್" ಅಂತ ಒಂದು ಕೊಲೆ ತನಿಖೆಯ ಕ್ವೆಸ್ಟ್ ಇದೆ, ಅದು ಮಧ್ಯದಲ್ಲೇ ಸಿಕ್ಕಿಹಾಕಿಕೊಳ್ಳೋದಕ್ಕೆ ಹೆಸರುವಾಸಿ. ಅನ್‌ಅಫಿಶಿಯಲ್ ಪ್ಯಾಚ್ ಹಾಕಿದ್ದರೆ ಅಷ್ಟು ತೊಂದರೆ ಇಲ್ಲ. ಅದರ ಬಗ್ಗೆ ಮೊದಲೇ ಎಲ್ಲೂ ಓದಬೇಡಿ. ಅವಸರಪಟ್ಟು ತಪ್ಪು ಮನುಷ್ಯನನ್ನು ಜೈಲಿಗೆ ಕಳಿಸಿದರೆ ಊರಲ್ಲಿ ಮತ್ತೊಂದು ಕೊಲೆ ಆಗುತ್ತದೆ. ಮುಗಿಸಿದ ಮೇಲೆ ಇಲ್ಲಿ ಬಂದು ಯಾರನ್ನು ಹಿಡಿದಿರಿ ಅಂತ ಬರೀರಿ.